ದೀಪಕ್ಕೆ ಟೋಪಿ ಹಾಕಿದ ಕತೆ

ನಮ್ಮ ಹಿತ್ತಲಿಗೂ ಹಿಂದಿನ ಮನೆ ಅಜ್ಜಿ ಮಲಗೋ ರೂಮಿಗೂ ಮಧ್ಯೆ ಒಂದು ಕಾಂಪೌಂಡು, ಒಂದು ನುಗ್ಗೆ ಮರ, ಅಷ್ಟೇ. ಎರಡು ವರ್ಷದಿಂದ ಆ ರೂಮಿನ ಕಿಟಕಿಗೆ ಅಜ್ಜಿ ಗೋಣಿಚೀಲ ನೇತುಹಾಕಿತ್ತು. ಮಧುಗಿರಿ ಬ್ಯಾಸಿಗೆ ನಿಮಗೆ ಗೊತ್ತಲ್ಲ, ಬೆಟ್ಟದ ಬಂಡೆ ಹಗಲೆಲ್ಲ ಕಾದು ರಾತ್ರಿ ಹತ್ತಾದ್ರೂ ಧಗೆ ಬಿಡ್ತಾ ಇರುತ್ತೆ. ಅಂಥಾದ್ರಲ್ಲಿ ಗಾಳಿ ಬರೋ ಒಂದೇ ಕಿಟಕಿಗೆ ಗೋಣಿಚೀಲ! ನುಗ್ಗೆ ಎಲೆ ಅವರ ಅಂಗಳಕ್ಕೆ ಉದುರುತ್ತೆ ಅಂತ ಒಂದು ಸಲ ಮಾತಿಗೆ ಮಾತು ಬೆಳೆದಿತ್ತು. ಅದರ ಸಿಟ್ಟಿಗೆ ನಮ್ಮ ಮುಖ ನೋಡಬಾರದು ಅಂತ ಹಾಕ್ಕಂಡವ್ರೆ ಅಂತ ನಾನು ಅಂದ್ಕಂಡಿದ್ದೆ. ನಾನೂ ಬಿಗುಮಾನದಾಗೆ ಇದ್ದೆ. ಸಂಕ್ರಾಂತಿ ಎಳ್ಳು ಬೀರೋಕೆ ಎರಡು ವರ್ಷ ಆ ಮನೆಗೆ ಹೋಗಲಿಲ್ಲ.

ಕಾರಣ ನುಗ್ಗೆ ಮರ ಅಲ್ಲ, ನಮ್ಮ ಗೋಡೆ ಮೇಲೇ ನೇತಾಡ್ತಿತ್ತು ಅಂತ ಗೊತ್ತಾಗಿದ್ದು ಈ ವರ್ಷ. ಅದೂ ನಾನು ಬೇರೆಯವರಿಗೆ ಬುದ್ಧಿ ಹೇಳೋಕೆ ಹೊರಟ ಮೇಲೆ.

ನಮ್ಮಕ್ಕನ ಮಗಳು ಕೊರಟಗೆರೆ ಕಡೆ ಒಂದು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡ್ತಾಳೆ. ಸಂಕ್ರಾಂತಿ ಆದಮೇಲೆ ಫೋನ್ ಮಾಡಿ, "ಚಿಕ್ಕಮ್ಮ, ಎರಡು ಭಾನುವಾರ ನಮ್ಮ ಸ್ಕೂಲಲ್ಲಿ ಸ್ವಯಂಸೇವಕರಿಗೆ ತರಬೇತಿ ಇಟ್ಟಿದೀವಿ, ಒಂದಿಪ್ಪತ್ತು ಜನ ಬರ್ತಾರೆ, ಊಟದ ಉಸ್ತುವಾರಿ ನೀನೇ ನೋಡ್ಕೋ" ಅಂದಳು. ಯಾತರ ತರಬೇತಿ ಅಂದೆ. "ಬೆಳಕಿನ ಮಾಲಿನ್ಯದ ಬಗ್ಗೆ ಜನಕ್ಕೆ ತಿಳಿಸೋದು ಹೆಂಗೆ ಅಂತ" ಅಂದಳು. ನಂಗೆ ಅರ್ಥ ಆಗಲಿಲ್ಲ. ಮಾಲಿನ್ಯ ಅಂದ್ರೆ ಕೊಳಕು. ಬೆಳಕು ಕೊಳಕಾಗೋದು ಹೆಂಗೆ? ಹೋಗಲಿ, ಹಿತಕಿದ ಅವರೆಬೇಳೆ ಸಾರು, ಮುದ್ದೆ, ಅನ್ನ ಮಾಡೋದು ತಾನೇ ಅಂತ ಒಪ್ಕಂಡೆ.

ಬಂದಿದ್ದು ನಾಲ್ಕೂ ತಾಲ್ಲೂಕಿನ ಜನ. ಸಿರಾದಿಂದ ಅಂಗನವಾಡಿ ಕೆಲಸದವರು ಇಬ್ಬರು, ಪಾವಗಡದಿಂದ ಒಬ್ಬ ರೈತರು, ಅವರ ಹಿಂದೆ ಬಿಎಸ್ಸಿ ಓದೋ ನಾಲ್ಕು ಹುಡುಗರು, ರಿಟೈರ್ಡ್ ಮೇಷ್ಟ್ರು ಒಬ್ಬರು, ಉಳಿದವರು ಟೀಚರ್ರು. ನಾನು ಹಿಂದಿನ ಬೆಂಚಲ್ಲಿ ನೆನೆಸಿದ ಅವರೆಕಾಳು ಹಿತುಕುತಾ ಕೂತಿದ್ದೆ. ಬೇಳೆ ಹಿತುಕೋ ಕೆಲಸ ಒಬ್ಬರಿಂದ ಆಗೋದಲ್ಲ, ಪಾಠ ಕೇಳ್ತಾ ಕೇಳ್ತಾ ಪಕ್ಕದವರೂ ಕೈ ಹಾಕಿದ್ರು.

ಮೊದಲನೇ ಗಂಟೇಲೇ ಗಲಾಟೆ. ನಮ್ಮ ಹುಡುಗಿ ಬೋರ್ಡ್ ಮೇಲೆ "ಬೆಳಕಿನ ಮಾಲಿನ್ಯ" ಅಂತ ಬರೆದಳೋ ಇಲ್ಲವೋ, ಸಿರಾದ ಅಕ್ಕ ಎದ್ದು ನಿಂತು, "ಮಿಸ್, ಸಾಯಂಕಾಲ ಲೈಟ್ ಹಾಕಿದ ತಕ್ಷಣ ಕೈ ಮುಗಿಯೋರು ನಾವು. ದೀಪ ಅಂದ್ರೆ ಲಕ್ಷ್ಮಿ. ಅದನ್ನ ಕೊಳಕು ಅಂತ ಹೇಳ್ರಿ ಅಂದ್ರೆ ನಮ್ಮ ಊರೊಳಗೆ ಯಾರ ಮನೆ ಜಗಲಿ ಮೇಲೂ ಕೂರಿಸಲ್ಲ" ಅಂದ್ರು. ನಂಗೆ ಒಳಗೊಳಗೇ ಖುಷಿ. ಇವಳು ತಬ್ಬಿಬ್ಬಾದಳು. ಮೇಷ್ಟ್ರು ಸುಮ್ನೆ ಬೋರ್ಡ್ ಹತ್ರ ಹೋಗಿ ಆ ಪದ ಅಳಿಸಿದ್ರು. "ಹಂಗಾದ್ರೆ ನೀವೇ ಒಂದು ಹೆಸರು ಕೊಡ್ರಮ್ಮ" ಅಂದ್ರು. ಯಾರೋ ವ್ಯರ್ಥ ಬೆಳಕು ಅಂದ್ರು, ಯಾರೋ ಅತಿ ಬೆಳಕು ಅಂದ್ರು. ನಾನು ಕೈಲಿದ್ದ ಬೇಳೆ ಬಿಟ್ಟು, "ಚೆಲ್ಲಿದ ಬೆಳಕು ಅನ್ನಿ, ಹಾಲು ಚೆಲ್ಲಿದ್ರೆ ಹಾಲು ಕೆಟ್ಟದ್ದಾ?" ಅಂದೆ. ಅದೇ ನಿಂತಿತು.

ಆಮೇಲೆ ಪಾಠ ಬಾಯಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದ್ರು. ಕತ್ತಲೆ ರೂಮಲ್ಲಿ ಕಣ್ಣಿನ ಮಟ್ಟಕ್ಕೆ ಒಂದು ಬಲ್ಬು ನೇತುಹಾಕಿ, ಅದರ ಹಿಂದೆ ಒಬ್ಬ ಹುಡುಗನ್ನ ನಿಲ್ಲಿಸಿದ್ರು. ನಾವು ಈ ಕಡೆಯಿಂದ ನೋಡಿದ್ರೆ ಬಲ್ಬು ಬಿಟ್ರೆ ಏನೂ ಕಾಣಲ್ಲ, ಹುಡುಗ ಇದಾನೋ ಇಲ್ಲವೋ ಗೊತ್ತಾಗಲ್ಲ. ಮೇಷ್ಟ್ರು ನನ್ನ ಕೈಯಿಂದ ಊಟದ ತಟ್ಟೆ ಇಸ್ಕಂಡು ನಮಗೂ ಬಲ್ಬಿಗೂ ನಡುವೆ ಅಡ್ಡ ಹಿಡಿದ್ರು. ಹುಡುಗನ ಕಾಲಿಂದ ತಲೆವರೆಗೂ ಕಾಣಿಸಿತು, ಕೈಲಿ ಕೋಲು ಹಿಡ್ಕಂಡು ನಿಂತಿದ್ದ. ಬೆಳಕು ಅಷ್ಟೇ ಇತ್ತು, ಕಣ್ಣಿಗೆ ಹೊಡೆಯೋದು ನಿಂತಿತು, ಅಷ್ಟಕ್ಕೇ. ದೀಪ ಹಾಕೋದು ದೀಪ ನೋಡೋಕಲ್ಲ, ನೆಲ ನೋಡೋಕೆ ಅಂತ ಮೇಷ್ಟ್ರು ಅಂದ್ರು. ನಂಗೆ ಆ ತಟ್ಟೆ ಪಾಠ ತಲೇಲಿ ಕೂತ್ಕಂತು.

ಮಧ್ಯಾಹ್ನ ಲಡಾಖಿನ ಹಾನ್ಲೆ ಅನ್ನೋ ಊರಿನ ಕತೆ ಹೇಳಿದ್ರು. ಅಲ್ಲಿ ಸುಮಾರು 4500 ಮೀಟರ್ ಎತ್ತರದ ಗುಡ್ಡದ ಮೇಲೆ ನಮ್ಮ ಕೋರಮಂಗಲದಲ್ಲಿರೋ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರ 2 ಮೀಟರ್ ಕನ್ನಡಿಯ ದೂರದರ್ಶಕ ಐತೆ. ಅದನ್ನ ನಡೆಸೋದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ! ಉಪಗ್ರಹದ ಮೂಲಕ ಇಲ್ಲಿಂದ ಹೇಳ್ತಾರೆ, ಅದು ಅಲ್ಲಿ ತಿರುಗುತ್ತೆ. ಸಂಬಂಧಿಕರ ಮದುವೆಗೆ ಅಂತ ಎಷ್ಟು ಸಲ ಹೊಸಕೋಟೆಗೆ ಹೋಗಿದೀನಿ, ಬಿರಿಯಾನಿ ವಿಚಾರ ಬಿಟ್ರೆ ಬೇರೆ ಯಾರೂ ಹೇಳಿರಲಿಲ್ಲ. ಆ ದೂರದರ್ಶಕಕ್ಕೆ ಕತ್ತಲೆ ಬೇಕು. ಅದಕ್ಕೆ 2022ರ ಡಿಸೆಂಬರಲ್ಲಿ ಸುತ್ತಮುತ್ತ 1073 ಚದರ ಕಿಲೋಮೀಟರ್ ಜಾಗನ ಕತ್ತಲೆ ಕಾಯೋ ಪ್ರದೇಶ ಅಂತ ಘೋಷಣೆ ಮಾಡಿದ್ರು. ಬೋರ್ಡು ನೆಟ್ಟು ಕೈ ತೊಳ್ಕಂಡಿದ್ರೆ ಅದು ಸರ್ಕಾರಿ ಕಾಗದವಾಗೇ ಉಳೀತಿತ್ತು. ಅಲ್ಲಿನ ಹಳ್ಳಿಗಳ 24 ಜನನ್ನ ಆರಿಸಿ, ತರಬೇತಿ ಕೊಟ್ಟು, 8 ಅಂಗುಲದ ದೂರದರ್ಶಕ ಕೈಗೆ ಕೊಟ್ರು. ಅವರಲ್ಲಿ ಹೆಂಗಸರೇ ಜಾಸ್ತಿ. ಕುರಿ ಮೇಯಿಸ್ಕಂಡು ಇದ್ದ ಮನೆಗಳ ಹೆಣ್ಣುಮಕ್ಕಳು ಈಗ ಬಂದ ಪ್ರವಾಸಿಗರಿಗೆ ಶನಿಗ್ರಹ ತೋರಿಸ್ತಾರೆ, ಮನೆ ಕಿಟಕಿಗೆ ದಪ್ಪ ಪರದೆ ಹಾಕ್ರಿ, ಗಾಡಿಯ ಹೆಡ್‌ಲೈಟ್ ಮೇಲಕ್ಕೆ ಬಿಡಬೇಡ್ರಿ ಅಂತ ಅವರೇ ಹೇಳ್ತಾರೆ. ಮನೆ ಬಾಡಿಗೆ, ಊಟ, ಆಕಾಶ ತೋರಿಸೋ ಕೂಲಿ, ಎಲ್ಲಾ ಸೇರಿ ಕೈಗೆ ಕಾಸೂ ಬರುತ್ತೆ.

ಪಾವಗಡದ ರೈತರು ಕೈ ಎತ್ತಿ, "ಅಲ್ಲಿ ಕತ್ತಲೆ ಇಟ್ಕಂಡ್ರೆ ದುಡ್ಡು ಬರುತ್ತೆ ಸಾ. ನಮಗೆ ಕತ್ತಲೆ ಇಟ್ಕಂಡ್ರೆ ಕರಡಿ ಬರುತ್ತೆ" ಅಂದ್ರು. ಎಲ್ಲರೂ ನಕ್ಕರು. ಆದ್ರೆ ಅದು ನಗೋ ಮಾತಲ್ಲ. ನಮ್ಮ ಬೆಟ್ಟಗಳ ಸಂದೀಲಿ ಕರಡಿ, ಚಿರತೆ ಎರಡೂ ಅವೆ. ಬೆಳಗಿನ ಜಾವ ಹೊಲಕ್ಕೆ ಹೋದೋರ ಮೈ ಕೆರೆದು ಹಾಕಿದ್ದು ಎಲ್ಲರಿಗೂ ಗೊತ್ತು. ಮೇಷ್ಟ್ರು ಒಪ್ಕಂಡ್ರು. ಹಾನ್ಲೆ ಕತೆನ ಜನದ ಮುಂದೆ ಬೆತ್ತದ ಹಂಗೆ ಬೀಸಬೇಡ್ರಿ, ಅವರಿಂದ ಕಲಿಯೋದು ಒಂದೇ, ಊರಿನ ಮಾತು ಊರಿನವರೇ ಹೇಳಬೇಕು ಅನ್ನೋದು ಅಂದ್ರು.

ಅದೇ ರೈತರೇ ಮುಂದೆ ಒಂದು ಮಾತು ಎತ್ತಿದ್ರು ನೋಡಿ, ನಂಗೆ ನಮ್ಮಪ್ಪ ಎದುರಿಗೆ ಬಂದು ನಿಂತಂಗಾಯ್ತು. ನಮ್ಮ ನಾಲ್ಕೂ ತಾಲ್ಲೂಕು ಕಡಲೆಕಾಯಿ ಸೀಮೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಭೂಮಿಯೊಳಗೆ ಬ್ಯಾಸಿಗೆಯೆಲ್ಲ ಗೂಡು ಕಟ್ಟಿ ಮಲಗಿದ್ದ ಕಂಬಳಿ ಹುಳದ ಚಿಟ್ಟೆ ಏಳ್ತವೆ. ಬೆಳ್ಳನೆ ರೆಕ್ಕೆ ಚಿಟ್ಟೆ. ಅವು ಮೊಟ್ಟೆ ಇಟ್ರೆ ಕೆಂಪು ತಲೆ ಕಂಬಳಿ ಹುಳ ಗುಂಪುಗುಂಪಾಗಿ ಹೊಲಕ್ಕೆ ಹೊಲನೇ ಬೋಳಿಸಿ ಹಾಕ್ತವೆ. ಅದಕ್ಕೆ ಕತ್ತಲಾದ ತಕ್ಷಣ ಊರೋರೆಲ್ಲ ಅವರವರ ಬದುವಿನ ಮೇಲೆ ಬೆಂಕಿ ಹಾಕೋರು. ಒಬ್ಬರು ಹಾಕಿದ್ರೆ ಸಾಲದು, ಎಲ್ಲರೂ ಹಾಕಬೇಕು. ನಮ್ಮಪ್ಪ ತೊಗರಿ ಕಡ್ಡಿ, ಹಳೇ ಚಾಪೆ ಹಚ್ಚೋರು. ಆಮೇಲಾಮೇಲೆ ಕೃಷಿ ಇಲಾಖೆಯೋರು ಹೇಳಿದ್ರು ಅಂತ ಪೆಟ್ರೋಮ್ಯಾಕ್ಸ್ ಕೆಳಗೆ ಅಗಲವಾದ ಬಾಂಡ್ಲಿ, ಅದರ ತುಂಬ ನೀರು, ನೀರ ಮೇಲೆ ಒಂದಿಷ್ಟು ಸೀಮೆಎಣ್ಣೆ. ಬೆಳಗ್ಗೆ ನೋಡಿದ್ರೆ ಬಾಂಡ್ಲಿ ತುಂಬ ಚಿಟ್ಟೆ ಕೆನೆ ಕಟ್ಟಿದಂಗೆ ತೇಲ್ತಿರೋವು. ಅದನ್ನ ಚೆಲ್ಲೋ ಕೆಲಸ ನಂದು. ಮಳೆ ಬಿದ್ದ ಸಂಜೆ ಈಸುಳ್ಳಿ ಹಿಡಿಯೋಕೆ ದೀಪ ಇಡೋದೂ ಇದೇ ಲೆಕ್ಕ. ದೀಪ ಹಚ್ಚಿದ್ರೆ ಹುಳ ಬಂದು ಸಾಯುತ್ತೆ ಅಂತ ನಮಗೆ ಯಾವ ಪುಸ್ತಕವೂ ಹೇಳಬೇಕಿರಲಿಲ್ಲ.

"ನಾವು ವರ್ಷದಾಗೆ ನಾಲ್ಕೈದು ರಾತ್ರಿ ಬೆಂಕಿ ಹಾಕ್ತಿದ್ವಿ. ಈಗ ಬೀದಿ ಬೀದಿಗೆ ವರ್ಷಪೂರ್ತಿ ಬೆಂಕಿ ಹಾಕಿಟ್ಟಂಗೆ ಆಗೈತೆ" ಅಂದ್ರು ಆ ರೈತರು. ಕಂಬಳಿ ಹುಳದ ಚಿಟ್ಟೆ ಮಾತ್ರ ಬಂದು ಸಾಯಲ್ಲ, ಹೂವಿಂದ ಹೂವಿಗೆ ಪರಾಗ ಹೊರೋ ರಾತ್ರಿ ಚಿಟ್ಟೆನೂ ಬಂದು ಸುತ್ತಿ ಸುತ್ತಿ ಸಾಯುತ್ತೆ. ನಮ್ಮ ತೌರುಮನೆ ಸಿದ್ಧರಬೆಟ್ಟದ ತಪ್ಪಲು. ಮುಂಗಾರು ಶುರುವಾಗೋ ಹೊತ್ತಿಗೆ ಬೇಲಿ ತುಂಬ ಮಿಣುಕು ಹುಳ ಹತ್ತಿ ಆರೋವು. ಗಂಡು ಹೆಣ್ಣಿಗೆ ಮಾಡೋ ಸನ್ನೆ ಅದು. ಪಕ್ಕದಲ್ಲಿ ಟ್ಯೂಬ್‌ಲೈಟ್ ಉರೀತಿದ್ರೆ ಅವುಕ್ಕೆ ಒಬ್ಬರ ಸನ್ನೆ ಒಬ್ಬರಿಗೆ ಕಾಣಬೇಕಲ್ಲ?

ಇನ್ನೊಂದು, ಸೇವಂತಿಗೆ. ರಾತ್ರಿ ಬಸ್ಸಲ್ಲಿ ಚಿಕ್ಕಬಳ್ಳಾಪುರದ ಕಡೆ ಹೋಗಿದ್ರೆ ನೋಡಿರ್ತೀರ, ಹೊಲದ ತುಂಬ ಸಾಲಾಗಿ ಬಲ್ಬು ಉರೀತಿರುತ್ತೆ, ಯಾರದೋ ಮದುವೆ ಚಪ್ಪರ ಅನ್ನಂಗೆ. ಸೇವಂತಿಗೆ ಗಿಡ ರಾತ್ರಿ ಉದ್ದ ಆದಾಗ ಮೊಗ್ಗು ಬಿಡೋ ಜಾತಿ. ಬಲ್ಬು ಹಾಕಿದ್ರೆ ಗಿಡಕ್ಕೆ ಇನ್ನೂ ರಾತ್ರಿ ಚಿಕ್ಕದು ಅನ್ನಿಸುತ್ತೆ, ಹೂ ಬಿಡದೆ ಎತ್ತರಕ್ಕೆ ಬೆಳೀತಾ ಹೋಗುತ್ತೆ. ರೈತರಿಗೆ ಬೇಕಾದಾಗ ಬಲ್ಬು ತೆಗೀತಾರೆ, ಹಬ್ಬದ ರೇಟಿಗೆ ಹೂ ಬರುತ್ತೆ. ಅವರ ಬದುಕು, ಅದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ನಾನು ಕುಂಡದಲ್ಲಿ ನೆಟ್ಟ ಸೇವಂತಿಗೆ ಎರಡು ವರ್ಷದಿಂದ ಬರೀ ಎಲೆ ಬಿಟ್ಕಂಡು ನಿಂತಿತ್ತು. ಗೊಬ್ಬರ ಸಾಲದು ಅಂತ ಬೆಲ್ಲದ ನೀರು, ಮಜ್ಜಿಗೆ, ಟೀ ಸೊಪ್ಪು ಎಲ್ಲಾ ಸುರಿದಿದ್ದೆ. ಕುಂಡ ಇದ್ದಿದ್ದು ಹಿತ್ತಲ ಲೈಟಿನ ಕೆಳಗೆ. ಕೈಯಲ್ಲಿದ್ದ ಬೇಳೆ ಕೈಯಲ್ಲೇ ಉಳೀತು.

ಕತ್ತಲಾದ ಮೇಲೆ ಮೈದಾನಕ್ಕೆ ಕರ್ಕಂಡು ಹೋದ್ರು. ಅಮಾವಾಸ್ಯೆ. ಎಂಟು ಗಂಟೆಗೆ ಕೃತ್ತಿಕೆ ಸರಿಯಾಗಿ ನೆತ್ತಿ ಮೇಲಿತ್ತು. ಕೃತ್ತಿಕೆ ಮಳೆ, ರೋಹಿಣಿ ಮಳೆ, ಮೃಗಶಿರೆ ಮಳೆ ಅಂತ ಬಾಯಿಪಾಠ ಇರೋ ನಮಗೆ ಆ ಚುಕ್ಕಿ ಯಾವುದು ಅಂತ ತೋರಿಸೋಕೆ ಬರಲ್ಲ, ನಾಚಿಕೆ ಅನ್ನಿಸಿತು. ಮೇ ತಿಂಗಳಲ್ಲಿ ಕೃತ್ತಿಕೆ ಮಳೆ ಅಂದ್ರೆ ಆಗ ಸೂರ್ಯನೇ ಆ ಚುಕ್ಕಿಗಳ ಹತ್ರ ಇರ್ತಾನೆ, ಅದಕ್ಕೆ ಮಳೆ ಕಾಲದಲ್ಲಿ ಅದು ಕಾಣಲ್ಲ, ಚಳಿಗಾಲದಲ್ಲಿ ಕಾಣುತ್ತೆ ಅಂತ ಮೇಷ್ಟ್ರು ಬಿಡಿಸಿ ಹೇಳಿದ್ರು. ಪಾವಗಡದವರು ಅದನ್ನೇ ತೆಲುಗಲ್ಲಿ ಪಿಲ್ಲಲ ಕೋಡಿ ಅಂತಾರಂತೆ, ಮರಿಗಳ ಕೋಳಿ. ನೋಡಿದ್ರೆ ಹಂಗೇ ಐತೆ, ತಾಯಿ ಹೊಟ್ಟೆ ಕೆಳಗೆ ಮುದುರಿಕೊಂಡ ಮರಿ. ನಾನು ಆರು ಎಣಿಸಿದೆ. ಮನೆಗೆ ಬಂದು ಮಾರನೇ ದಿನ ಅದೇ ಹೊತ್ತಿಗೆ ನಮ್ಮ ಮಹಡಿ ಮೇಲೆ ನಿಂತು ನೋಡಿದ್ರೆ ಕೋಳಿಯೂ ಇಲ್ಲ ಮರಿಯೂ ಇಲ್ಲ, ಒರೆಸಿಟ್ಟ ಸುಣ್ಣದ ಗುರುತಿನಂಗೆ ಏನೋ ಮಸುಕು.

ಈ ಎಣಿಸೋದನ್ನ ಸುಮ್ನೆ ಆಟ ಅನ್ಕೋಬೇಡಿ. ಪ್ರಪಂಚದ ತುಂಬ ನಮ್ಮಂಥ ಸಾಮಾನ್ಯ ಜನ 2011ರಿಂದ 2022ರವರೆಗೆ ಹಿಂಗೇ ಬರಿಗಣ್ಣಲ್ಲಿ ನೋಡಿ ಬರೆದು ಕಳಿಸಿದ 50 ಸಾವಿರಕ್ಕೂ ಹೆಚ್ಚು ಲೆಕ್ಕ ಸೇರಿಸಿ ವಿಜ್ಞಾನಿಗಳು ನೋಡಿದ್ರಂತೆ. ಆಕಾಶ ವರ್ಷಕ್ಕೆ ಹೆಚ್ಚುಕಮ್ಮಿ 9.6 ಪರ್ಸೆಂಟು ಬೆಳ್ಳಗಾಗ್ತಾ ಐತೆ. ಮಗು ಹುಟ್ಟಿದಾಗ 250 ಚುಕ್ಕಿ ಕಾಣೋ ಊರಲ್ಲಿ ಅದು 18 ವರ್ಷದ್ದಾಗೋ ಹೊತ್ತಿಗೆ ಹೆಚ್ಚುಕಮ್ಮಿ 100 ಮಾತ್ರ ಕಾಣುತ್ತೆ ಅನ್ನೋ ಲೆಕ್ಕ. ನನ್ನ ಮೊಮ್ಮಗಳಿಗೆ ಈಗ ಒಂದೂವರೆ ವರ್ಷ.

ಎರಡನೇ ಭಾನುವಾರ ನಾಟಕ. ಸ್ವಯಂಸೇವಕರು ಬೀದಿಗೆ ಹೋದಂಗೆ, ಜನ ಎದುರು ಮಾತಾಡಿದಂಗೆ. ಬೈಯೋ ಪಾತ್ರಕ್ಕೆ ಯಾರೂ ಸಿಗಲಿಲ್ಲ ಅಂತ ನಮ್ಮ ಹುಡುಗಿ ನನ್ನನ್ನ ಎಳ್ಕಂಡು ಬಂದು ಕುರ್ಚಿ ಮೇಲೆ ಕೂರಿಸಿದಳು. ಬಿಎಸ್ಸಿ ಹುಡುಗ ಬಂದು, "ಅಮ್ಮಾ, ನಿಮ್ಮನೆ ಲೈಟಿಂದ ನಕ್ಷತ್ರ ಕಾಣಲ್ಲ" ಅಂದ. "ನಕ್ಷತ್ರ ನೋಡ್ತಾ ಕೂತ್ರೆ ನಮ್ಮನೆ ಸಾರಿಗೆ ಬೇಳೆ ಯಾರು ಹಾಕ್ತಾರಪ್ಪ?" ಅಂದೆ. ಇನ್ನೊಬ್ಬ ಬಂದು ಕರೆಂಟ್ ಬಿಲ್ ಉಳಿಯುತ್ತೆ ಅಂದ. ನಾನು ಲೆಕ್ಕ ಕೇಳಿದೆ. 50 ವ್ಯಾಟಿನ ಲೈಟು ರಾತ್ರಿ 12 ಗಂಟೆ ಉರಿದ್ರೆ ತಿಂಗಳಿಗೆ 18 ಯೂನಿಟ್ಟು ಅಂದ. "2023ರಲ್ಲಿ ಗೃಹಜ್ಯೋತಿ ಬಂದಮೇಲೆ ನಮ್ಮನೆ ಬಿಲ್ಲು ಸೊನ್ನೆ. ಯಾರ ದುಡ್ಡು ಉಳಿಸ್ತೀಯ?" ಅಂದೆ. ಹುಡುಗ ಹಿಂದಕ್ಕೆ ಹೋದ. ಒಬ್ಬ ಹುಡುಗಿ, ರಾತ್ರಿ ಬಿಳೀ ಬೆಳಕು ಕಣ್ಣಿಗೆ ಬಿದ್ರೆ ಮೈಯಲ್ಲಿ ನಿದ್ದೆ ತರೋ ರಸ ಊರಲ್ಲ ಅಂತ ಸರಿಯಾಗೇ ಹೇಳಿದಳು. "ಹನ್ನೆರಡು ಗಂಟೆವರೆಗೂ ಮೊಬೈಲು ನೋಡೋಳು ನೀನು, ನಂಗೆ ನಿದ್ದೆ ಪಾಠ ಹೇಳ್ತೀಯೇನೇ?" ಅಂದೆ. ಎಲ್ಲರನ್ನೂ ಸೋಲಿಸಿ ಕಳಿಸಿದೆ. ಮೇಷ್ಟ್ರು ನಕ್ಕು, "ಅಮ್ಮಾ, ಇಷ್ಟು ಚೆನ್ನಾಗಿ ಬೈಯೋಕೆ ಬರೋರಿಗೇ ಬೈಸಿಕೊಳ್ಳೋಕೂ ಬರೋದು. ನಿಮ್ಮ ಬೀದಿಗೆ ನೀವೇ ಹೋಗಿ" ಅಂದ್ರು. ಹಂಗೆ ನಾನು ಅಡುಗೆಯೋಳು ಹೋಗಿ ಸ್ವಯಂಸೇವಕಿ ಆದೆ.

ಕೊಟ್ಟ ಎಚ್ಚರಿಕೆ ಏನು ಅಂದ್ರೆ, ಆರಿಸಿ ಅನ್ನೋ ಮಾತು ಬಾಯಿಂದ ಬರಬಾರದು. ತಗ್ಗಿಸಿ, ಬಗ್ಗಿಸಿ ಅನ್ನಬೇಕು. ಹಬ್ಬ ಜಾತ್ರೆ ಸುದ್ದಿಗೆ ಹೋಗಲೇಬಾರದು. ದಂಡಿನ ಮಾರಮ್ಮನ ಜಾತ್ರೇಲಿ ಸೀರಿಯಲ್ ಸೆಟ್ ಬೇಡ ಅಂದೋರನ್ನ ಊರಲ್ಲಿ ಇರೋಕೆ ಬಿಡ್ತಾರಾ, ಅದು ನಾಲ್ಕು ದಿನದ ಮಾತು, ವರ್ಷದ್ದಲ್ಲ. ಹೆದರಿಸಬಾರದು. ಎಲ್ಲಕ್ಕಿಂತ ಮೊದಲು ತಮ್ಮ ಮನೆ ದೀಪ ನೋಡ್ಕಂಡು ಹೊರಡಬೇಕು. ಇದನ್ನ ನಾನು ಬರ್ಕಂಡೂ ಇದ್ದೆ. ಆದ್ರೂ ಮರೆತು ಹೊರಟೆ.

ನಮ್ಮ ಬೀದೀಲಿ ಮೊದಲ ಸಲ ಮಾತಾಡಿದ್ದು ಸೋತ ಕತೆ. ಕೃತ್ತಿಕೆ ತೋರಿಸ್ತೀನಿ ಬರ್ರಿ ಅಂತ ಕರೆದೆ, ಧಾರಾವಾಹಿ ಹೊತ್ತು, ಬಂದಿದ್ದು ಐದು ಜನ. ಅದರಲ್ಲಿ ನಮ್ಮ ಬೀದಿ ಕೊನೆ ಮನೆಯಾಕೆ ನನ್ನ ಮಾತು ಮುಗಿಯೋಕೂ ಬಿಡಲಿಲ್ಲ. "ಅಕ್ಕಾ, ಈ ಲೈಟಿಗೋಸ್ಕರ ಮೂರು ವರ್ಷ ಅರ್ಜಿ ಹಿಡ್ಕಂಡು ಅಲೆದಿದೀನಿ. ನನ್ನ ಮಗಳು ಟ್ಯೂಷನ್ ಮುಗಿಸಿ ಬರೋವಾಗ ಇದೇ ಚರಂಡಿ ಹತ್ರ ಕೊಳಕುಮಂಡಲ ಹರಿದು ಹೋಗಿತ್ತು. ಆ ಅರ್ಜಿಗೆ ನೀನೂ ಸೈನ್ ಹಾಕಿದ್ದೆ. ಈಗ ಬಂದು ಲೈಟು ಜಾಸ್ತಿ ಆಯ್ತು ಅಂತೀಯ?" ಅಂದಳು. ಹೌದು, ಹಾಕಿದ್ದೆ. ಒಂದು ಮನೆಗೆ ಭಾಗ್ಯಜ್ಯೋತಿಯ 40 ವ್ಯಾಟಿನ ಒಂದೇ ಬಲ್ಬು ಬಂದಾಗ ನಮ್ಮಜ್ಜಿ ಅದಕ್ಕೆ ಅರಿಶಿಣ ಕುಂಕುಮ ಇಟ್ಟಿದ್ದು ನಾನು ನೋಡಿದೀನಿ. ಬೆಳಕಿಗೆ ಅಲೆದು ಅಲೆದು ಪಡ್ಕಂಡ ಜನಕ್ಕೆ ಬೆಳಕು ಹೆಚ್ಚಾಯ್ತು ಅನ್ನೋಕೆ ಯಾವ ಬಾಯಿ ಬೇಕು? ತಲೆ ತಗ್ಗಿಸ್ಕಂಡು ವಾಪಸ್ ಬಂದೆ.

ಕಾಂಪೌಂಡ್ ಆ ಕಡೆಯಿಂದ ಹಿಂದಿನ ಮನೆ ಅಜ್ಜಿ ಎಲ್ಲಾ ಕೇಳಿಸ್ಕಂಡಿತ್ತು. ಎರಡು ವರ್ಷದ ಮೇಲೆ ಮೊದಲನೇ ಮಾತು. "ಏನಮ್ಮಾ, ಊರಿನ ದೀಪ ಎಲ್ಲಾ ಬಗ್ಗಿಸೋಕೆ ಹೊರಟಿದೀಯಂತೆ. ನಿನ್ನ ಹಿತ್ತಲ ದೀಪ ಬಗ್ಗಿಸೋದು ಯಾವಾಗ? ಮಲಗಿದ್ರೆ ನನ್ನ ಮುಖಕ್ಕೇ ಹೊಡಿಯುತ್ತೆ ಕಣೆ. ಎರಡು ಬ್ಯಾಸಿಗೆ ಗೋಣಿಚೀಲ ಕಟ್ಕಂಡು ಬೆಂದೆ."

ನಂಗೆ ನಿಂತ ನೆಲ ಕುಸಿದಂಗಾಯ್ತು. ಎರಡು ವರ್ಷದ ಹಿಂದೆ ನಮ್ಮ ಸಂಪಿನ ಮೋಟ್ರು ಕದ್ದಿದ್ರು. ಮಗ ಸಿಟ್ಟಿಗೆ 50 ವ್ಯಾಟಿನ ಎಲ್‌ಇಡಿ ಫೋಕಸ್ ತಂದು ಮಹಡಿ ಗೋಡೆಗೆ ಹಾಕಿಸಿದ್ದ, ಮುಖ ನೇರಕ್ಕೆ. ಆರು ಗಂಟೆಗೆ ಹಾಕಿದ್ರೆ ಬೆಳಗ್ಗೆ ಆರಕ್ಕೆ ಆರಿಸೋದು. ಅದರ ಬೆಳಕು ಎಲ್ಲಿಗೆ ಹೋಗುತ್ತೆ ಅಂತ ನಾನು ಒಂದು ದಿನ ಹಿಂದಿನ ಬೀದಿಗೆ ಹೋಗಿ ನೋಡಿರಲಿಲ್ಲ. "ಒಂದು ಮಾತು ಹೇಳಬಾರದಾ ಅಜ್ಜಿ?" ಅಂದೆ. "ಮೋಟ್ರು ಕಳಕಂಡಿದ್ರಿ, ಹೆದರಿದ್ರಿ. ಹೆದರಿದೋರಿಗೆ ದೀಪ ಆರ್ಸು ಅಂತ ಹೆಂಗೆ ಅನ್ನೋದು?" ಅಂತು ಅಜ್ಜಿ. ನಾನು ತರಬೇತೀಲಿ ಎರಡು ಭಾನುವಾರ ಕೂತು ಕಲಿತಿದ್ದನ್ನ ಅಜ್ಜಿ ಎರಡು ವರ್ಷ ಬಾಯಿ ಮುಚ್ಕಂಡು ಮಾಡಿತ್ತು.

ಮಗ ಮೊದಲು ಒಪ್ಪಲಿಲ್ಲ. ಮತ್ತೆ ಕಳ್ಳತನ ಆದ್ರೆ ನಿನ್ನ ನಕ್ಷತ್ರ ಬಂದು ಮೋಟ್ರು ಕೊಡಿಸ್ತವಾ ಅಂದ. ವಾದ ಮಾಡಲಿಲ್ಲ. ರಾತ್ರಿ ಹಿತ್ತಲಿಗೆ ಕರ್ಕಂಡು ಹೋಗಿ ಗೇಟ್ ಹತ್ರ ನಿಲ್ಲಿಸಿ, ಸಂಪಿನ ಮುಚ್ಚಳ ತೆಗೆದೈತೋ ಹಾಕೈತೋ ಹೇಳು ಅಂದೆ. ಕಣ್ಣಿಗೆ ಕೈ ಅಡ್ಡ ಹಿಡ್ಕಂಡ. ಹಿಡ್ಕಂಡ ಮೇಲೆ ಅವನಿಗೇ ಗೊತ್ತಾಯ್ತು. ಭಾನುವಾರ ಏಣಿ ಹಾಕಿ ಫೋಕಸ್ ಬಿಚ್ಚಿದ. ಅದರ ಜಾಗಕ್ಕೆ 10 ವ್ಯಾಟಿನದು, ಡಬ್ಬದ ಮೇಲೆ 6500ಕೆ ಅಂತ ಬರೆದಿರೋ ನೀಲಿ ಹೊಡೆಯೋ ಬಿಳುಪಲ್ಲ, 3000ಕೆ ಅನ್ನೋ ಹಳದಿದು. ಅಂಗಡೀಲಿ ಎರಡೂ ಒಂದೇ ರೇಟು. ನೀಲಿ ಬೆಳಕು ಗಾಳೀಲಿ ಜಾಸ್ತಿ ಚೆದುರಿ ಆಕಾಶನ ಬೆಳ್ಳಗೆ ಮಾಡುತ್ತೆ, ಹಳದಿ ಅಷ್ಟು ಮಾಡಲ್ಲ. 15 ಕೆಜಿ ಎಣ್ಣೆ ಡಬ್ಬ ಒಂದಿತ್ತು, ಅದನ್ನ ಕತ್ತರಿಸಿ ತಗಡಿನ ಕೆಲಸದೋರ ಹತ್ರ ಅಂಚು ಮಡಿಸಿ ಟೋಪಿ ಥರ ಮಾಡಿಸಿ ಹಾಕಿದ್ವಿ. ನಮ್ಮ ಯಜಮಾನರು, "ಊರಿಗೆಲ್ಲ ಟೋಪಿ ಹಾಕೋರನ್ನ ನೋಡಿದ್ದೆ, ದೀಪಕ್ಕೆ ಟೋಪಿ ಹಾಕೋಳನ್ನ ಇವತ್ತೇ ನೋಡಿದ್ದು" ಅಂದ್ರು. ಈಗ ಸಂಪು, ಗೇಟು, ಒಗೆಯೋ ಕಲ್ಲು ಎಲ್ಲಾ ಮುಂಚಿಗಿಂತ ಚೆನ್ನಾಗಿ ಕಾಣ್ತವೆ. ಕಾಂಪೌಂಡಿಂದ ಆಚೆ ಕತ್ತಲೆ.

ಮಾರನೇ ದಿನ ಬೆಳಗ್ಗೆ ಗೋಣಿಚೀಲ ಅವರ ಕಾಂಪೌಂಡ್ ಮೇಲೆ ಒಣಗ್ತಾ ಇತ್ತು. ನಾನು ಎಳ್ಳುಬೆಲ್ಲದ ಡಬ್ಬ ಹಿಡ್ಕಂಡು ಹೋದೆ, ಸಂಕ್ರಾಂತಿ ಕಳೆದು ಮೂರು ವಾರ ಆಗಿತ್ತು, ಆದ್ರೇನು. ಕಿಟಕಿಯಿಂದ ಚುಕ್ಕಿ ಕಂಡ್ವಾ ಅಜ್ಜಿ ಅಂದೆ. "ಎರಡೂ ಕಣ್ಣಿಗೆ ಪೊರೆ ಬಂದೈತೆ, ಚುಕ್ಕಿ ಎಲ್ಲಿ ಕಾಣುತ್ತೆ? ನಿದ್ದೆ ಬಂತು" ಅಂತು. ಪೊರೆ ಬಂದ ಕಣ್ಣಿಗೆ ಎದುರಿಗೆ ಹೊಡೆಯೋ ಬೆಳಕು ಇನ್ನೂ ಹಿಂಸೆ ಅಂತ ನಮ್ಮ ಹುಡುಗಿ ಆಮೇಲೆ ಹೇಳಿದಳು.

ಎರಡನೇ ಸಲ ಬೀದೀಲಿ ಚುಕ್ಕಿ ಮಾತೇ ತೆಗೀಲಿಲ್ಲ. ಹೆಂಗಸರನ್ನ ನಮ್ಮ ಹಿತ್ತಲಿಗೆ ಕರೆದು, ಟೀ ಕೊಟ್ಟು, ಒಂದು ಬಲ್ಬು ನೇತುಹಾಕಿ ತಟ್ಟೆ ಹಿಡಿದೆ. ಬಲ್ಬಿನ ಹಿಂದೆ ಆ ಕೊನೆ ಮನೆಯಾಕೆ ಮಗಳನ್ನೇ ನಿಲ್ಲಿಸಿದ್ದೆ. "ನಿನ್ನ ಮಗಳು ಎಲ್ಲವಳೆ ಹೇಳು" ಅಂದೆ. ಹುಡುಕಿದಳು. ತಟ್ಟೆ ಅಡ್ಡ ಹಿಡಿದೆ. ಹತ್ತು ಹೆಜ್ಜೆ ದೂರದಲ್ಲಿ ಹುಡುಗಿ ಬ್ಯಾಗ್ ಹಾಕ್ಕಂಡು ನಿಂತಿದ್ದಳು. ಆಕೆ ಸ್ವಲ್ಪ ಹೊತ್ತು ಸುಮ್ನಿದ್ದು, "ಅಂದ್ರೆ ಇಷ್ಟು ದಿನ ನಮ್ಮ ಲೈಟ್ ಕಂಬದ ಹಿಂದೆ ಯಾರಾದ್ರೂ ನಿಂತಿದ್ರೆ ನಂಗೆ ಕಾಣ್ತಾನೇ ಇರಲಿಲ್ವಾ ಅಕ್ಕಾ?" ಅಂದಳು. ಹೆದರಿಸಬಾರದು ಅಂತ ಅಷ್ಟು ಹೇಳಿಸ್ಕಂಡಿದ್ದೆ, ಹೆದರಿಸಿಬಿಟ್ಟಿದ್ದೆ. ಈಗ ಬೇರೆ ಮಗುನ ನಿಲ್ಲಿಸಲ್ಲ, ನಮ್ಮ ಯಜಮಾನರನ್ನೇ ನಿಲ್ಲಿಸ್ತೀನಿ.

ಈ ಸಲ ಅರ್ಜಿ ಬರೆದೋಳು ಆಕೆನೇ. ಲೈಟ್ ಬೇಕು ಅಂತಲೇ ಬರೆದಳು, ಆದ್ರೆ ಮುಖ ನೆಲಕ್ಕೆ ಇರಬೇಕು ಅಂತ. ಆಫೀಸಲ್ಲಿ, ಲೈಟ್ ಹಾಕಿ ಅಂತ ಅರ್ಜಿ ಬರುತ್ತೆ, ತೆಗೀರಿ ಅಂತ ಬರುತ್ತೆ, ಬಗ್ಗಿಸಿ ಅಂತ ಯಾವತ್ತೂ ಬಂದಿಲ್ಲ, ಯಾವ ಫೈಲಿಗೆ ಹಾಕೋದು ಅಂದ್ರಂತೆ. ಟೋಪಿ ಹಾಕೋಕೆ ಆರ್ಡರ್ ಬೇಕಂತೆ. ಕಂಬ ಹತ್ತೋ ಹುಡುಗನೇ ಒಂದು ದಿನ ಬೇರೆ ಕೆಲಸಕ್ಕೆ ಬಂದೋನು ಸ್ಪ್ಯಾನರ್ ಹಾಕಿ ಎರಡು ಲೈಟಿನ ಮುಖ ಕೆಳಕ್ಕೆ ಮಾಡಿ ಹೋದ. ಬೀದೀಲಿ ಇರೋದು ಒಂಬತ್ತು. ಏಳು ಹಂಗೇ ಅವೆ.

ಪಾವಗಡಕ್ಕೆ ನಮ್ಮ ವಾರಗಿತ್ತಿ ಮನೆಗೆ ಹೋದಾಗ ಅಲ್ಲೂ ಒಂದು ಸಲ ಮಾತಾಡಿದೆ. ತಿರುಮಣಿ ಕಡೆ 13 ಸಾವಿರ ಎಕರೆ ಸೋಲಾರ್ ಪಾರ್ಕು, 2050 ಮೆಗಾವ್ಯಾಟು, ಹಗಲು ಬಿಸಿಲು ಹಿಡಿದು ಕರೆಂಟು ಮಾಡೋ ಸೀಮೆ. ಅವರ ಊರಿಂದ ನೋಡಿದ್ರೆ ರಾತ್ರಿ ಆಕಾಶ ಇನ್ನೂ ಹಂಗೇ ಐತೆ, ಹಾಲು ಚೆಲ್ಲಿದಂಗೆ ಆಕಾಶಗಂಗೆ. ಹಾಲಿನ ಮಾತು ನಂಗೆ ಅಲ್ಲಿ ತಿರುಗಿ ನೆನಪಾಯ್ತು. ಪಿಲ್ಲಲ ಕೋಡಿ ಗೊತ್ತಾ ಅಂತ ನಾನು ಶುರು ಮಾಡೋಕೆ ಮುಂಚೆ ಒಬ್ಬ ಮುದುಕಿ ಇನ್ನೂ ನಾಲ್ಕು ಚುಕ್ಕಿ ಹೆಸರು ತೆಲುಗಲ್ಲಿ ಹೇಳಿ ನನ್ನನ್ನೇ ಪರೀಕ್ಷೆ ಮಾಡ್ತು. ಬರ್ಕಂಡು ಬಂದಿದೀನಿ. ಮುಂದಿನ ಬ್ಯಾಚಿನ ತರಬೇತಿಗೆ ಆಯಮ್ಮನ್ನ ಕರೆಸಬೇಕು ಅಂತ ನಮ್ಮ ಹುಡುಗಿಗೆ ಹೇಳಿದೀನಿ, ಬಸ್ ಚಾರ್ಜ್ ಹೆಂಗೂ ಫ್ರೀ.

ಸೇವಂತಿಗೆಗೆ ಇನ್ನೂ ಕಾಲ ಬಂದಿಲ್ಲ, ನೋಡಬೇಕು. ಈಗ ಆಷಾಢದ ಗಾಳಿ. ರಾತ್ರಿಯೆಲ್ಲ ಆ ಎಣ್ಣೆ ಡಬ್ಬದ ಟೋಪಿ ಗೋಡೆಗೆ ಬಡ್ಕಂಡು ಲಟಲಟ ಅಂತೈತೆ. ನೆನ್ನೆ ಬೆಳಗ್ಗೆ ಅಜ್ಜಿ ಕಾಂಪೌಂಡ್ ಹತ್ರ ಬಂದು, "ಕಣ್ಣಿಗೆ ನಿದ್ದೆ ಕೊಟ್ಟೆ, ಕಿವಿಗೆ ಕಿತ್ಕಂಡೆಯಲ್ಲೇ" ಅಂತು. ಮಗ ಇವತ್ತು ಸಾಯಂಕಾಲ ಬರೋವಾಗ ಹಳೇ ಸೈಕಲ್ ಟ್ಯೂಬ್ ತರ್ತೀನಿ ಅಂದವ್ನೆ, ಕತ್ತರಿಸಿ ಮಧ್ಯಕ್ಕೆ ಕೊಟ್ಟು ಬಿಗಿ ಮಾಡಬೇಕು.